ಮನೆ ಮೇಲಿನ ಆಂಟೆನಾ ಕಂಬ: ಭಯವೆಲ್ಲ ಸಿಡಿಲಿನದು, ಅಪಾಯ ಇರುವುದು ಬುಡದಲ್ಲಿ

ಮುಂಗಾರಿಗೆ ಮುಂಚಿನ ಗುಡುಗು ಮಳೆ ಶುರುವಾಯಿತೆಂದರೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಫಾರ್ವರ್ಡ್‌ಗಳೂ ಶುರುವಾಗುತ್ತವೆ. ತಾರಸಿ ಮೇಲೆ ಆಂಟೆನಾ ಇದ್ದರೆ ಸಿಡಿಲು ಅದನ್ನೇ ಹುಡುಕಿಕೊಂಡು ಬರುತ್ತದೆ ಎನ್ನುತ್ತದೆ ಒಂದು. ಕಬ್ಬಿಣದ ಪೈಪ್ ತೆಗೆದು ಪಿವಿಸಿ ಪೈಪ್ ಹಾಕಿ ಎನ್ನುತ್ತದೆ ಇನ್ನೊಂದು. ಅರ್ಥಿಂಗ್ ಕೊಡುವುದೆಂದರೆ ಸಿಡಿಲನ್ನು ಕರೆದಂತೆ ಎಂದು ಬೆಳಿಗ್ಗೆ ಬಂದರೆ, ಅರ್ಥಿಂಗ್ ಕೊಟ್ಟುಬಿಟ್ಟರೆ ಏನೂ ಆಗುವುದಿಲ್ಲ ಎಂದು ಸಂಜೆ ಅದೇ ಗುಂಪಿಗೆ ಬಂದು ಬೀಳುತ್ತದೆ.

ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಮುಂದೆ ನೋಡೋಣ. ಆದರೆ ಅದಕ್ಕೂ ಮೊದಲು ಒಂದು ಮಾತು. ಈ ಫಾರ್ವರ್ಡ್‌ಗಳೆಲ್ಲ ಕಂಬದ ತುದಿಯ ಬಗ್ಗೆ ಮಾತಾಡುತ್ತವೆ. ಕಂಬ ಗಟ್ಟಿಯಾಗಿ ನಿಲ್ಲುತ್ತದೋ ಇಲ್ಲವೋ, ಅದರಿಂದ ಯಾರದಾದರೂ ಜೀವಕ್ಕೆ ಕುತ್ತು ಬರುತ್ತದೋ ಇಲ್ಲವೋ ಎನ್ನುವುದು ಬಹುಮಟ್ಟಿಗೆ ನಿರ್ಧಾರವಾಗುವುದು ಬುಡದಲ್ಲಿ. ಕಂಬ ಬಿದ್ದರೆ ಎಲ್ಲಿಗೆ ಬೀಳುತ್ತದೆ, ಅದನ್ನು ಯಾವ ಗೋಡೆ ಹಿಡಿದಿದೆ, ಕ್ಲ್ಯಾಂಪ್‌ಗಳ ನಡುವೆ ಎಷ್ಟು ಅಂತರವಿದೆ ಎನ್ನುವುದನ್ನು ಯಾವ ಫಾರ್ವರ್ಡ್ ಕೂಡ ಹೇಳುವುದಿಲ್ಲ.

ಈಗಿನ ಕಾಲದಲ್ಲಿ ಆಂಟೆನಾ ಯಾರಿಗೆ ಬೇಕು ಎಂದು ಕೇಳಬಹುದು. ಪ್ರಸಾರ ಕೇಂದ್ರದಿಂದ ದೂರದ ಊರುಗಳಲ್ಲಿ ಎಫ್‌ಎಂ ಸ್ಪಷ್ಟವಾಗಿ ಕೇಳಲು ಇಂದಿಗೂ ಹೊರಗಿನ ಆಂಟೆನಾ ಬೇಕಾಗುತ್ತದೆ. ಇನ್ನು ಹ್ಯಾಮ್ ರೇಡಿಯೋ ಹವ್ಯಾಸಿಗಳಿದ್ದಾರೆ. ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆದು ಲೈಸೆನ್ಸ್ ಪಡೆದು, ತಮ್ಮದೇ ಕರೆ ಸಂಕೇತ ಇಟ್ಟುಕೊಂಡು ಮಾತಾಡುವವರು ಇವರು. 12 ವರ್ಷ ತುಂಬಿದ ಯಾರು ಬೇಕಾದರೂ ಈ ಪರೀಕ್ಷೆ ಬರೆಯಬಹುದು, ಹಾಗಾಗಿ ಶಾಲಾ ಮಕ್ಕಳೂ ಈ ಹವ್ಯಾಸಕ್ಕೆ ಬರುತ್ತಾರೆ. ಪ್ರವಾಹ, ಭೂಕುಸಿತದಲ್ಲಿ ಮೊಬೈಲ್ ಟವರ್ ಕೈಕೊಟ್ಟಾಗ ಸಂದೇಶ ದಾಟಿಸುವವರೂ ಇವರೇ. ಮಕ್ಕಳು ತಾರಸಿ ಹತ್ತಿ ಪೈಪ್ ನಿಲ್ಲಿಸುವ ಸಾಧ್ಯತೆ ಇರುವುದರಿಂದಲೇ ಈ ವಿಷಯವನ್ನು ಕೊಂಚ ವಿವರವಾಗಿ ಹೇಳುತ್ತಿದ್ದೇವೆ.

ಮೊದಲು ತಲೆ ಎತ್ತಿ ತಂತಿ ನೋಡಿ

ಆಂಟೆನಾ ಕೆಲಸದಲ್ಲಿ ಜೀವ ತೆಗೆಯುವ ದೊಡ್ಡ ಅಪಾಯ ಸಿಡಿಲಲ್ಲ, ವಿದ್ಯುತ್ ತಂತಿ. ಕಂಬ ಎತ್ತುವಾಗ ಅಥವಾ ಇಳಿಸುವಾಗ ಅದು ವಾಲಿ ಬೀದಿಯ ತಂತಿಗೆ ತಾಗಿದರೆ, ಲೋಹದ ಪೈಪ್ ಹಿಡಿದ ಕೈಯ ಮೂಲಕ ವಿದ್ಯುತ್ ನೆಲಕ್ಕೆ ಹರಿಯುತ್ತದೆ. ಬೆವರಿದ ಕೈ, ಒದ್ದೆ ತಾರಸಿ, ಬರಿಗಾಲು ಇದ್ದರಂತೂ ಕೇಳುವುದೇ ಬೇಡ.

ನಿಯಮದ ಪ್ರಕಾರ 11 ಸಾವಿರ ವೋಲ್ಟ್‌ನ ತಂತಿ ಕಟ್ಟಡದಿಂದ ಅಡ್ಡಲಾಗಿ ಕನಿಷ್ಠ 1.2 ಮೀಟರ್ ದೂರ ಇರಬೇಕು. ಈ ಅಂಕಿಯನ್ನು ಇನ್ನೊಮ್ಮೆ ಓದಿ. ನಿಯಮವನ್ನು ಸರಿಯಾಗಿ ಪಾಲಿಸಿದ ತಂತಿ ಕೂಡ, ನಿಮ್ಮ ಪ್ಯಾರಪೆಟ್ ಗೋಡೆಗೆ ನಿಲ್ಲಿಸಿದ 3 ಮೀಟರ್ ಕಂಬ ಆ ಕಡೆ ಬಿದ್ದರೆ ನೇರವಾಗಿ ಸಿಗುವಷ್ಟು ಹತ್ತಿರ ಇರಬಹುದು. ನಮ್ಮ ನಗರಗಳ ಗಲ್ಲಿಗಳಲ್ಲಿ ಅಷ್ಟು ಅಂತರವೂ ಇಲ್ಲದ ಮನೆಗಳೆಷ್ಟು ಎಂಬುದನ್ನು ನಿಮ್ಮ ಕಿಟಕಿಯಿಂದಲೇ ಎಣಿಸಬಹುದು.

ಅನುಸರಿಸಬೇಕಾದ ಲೆಕ್ಕ ಸರಳ. ಕಂಬ ಮತ್ತು ಆಂಟೆನಾ ಸೇರಿ ಎಷ್ಟು ಉದ್ದವೋ ಅದರ ಎರಡರಷ್ಟು ದೂರದೊಳಗೆ ಯಾವ ವಿದ್ಯುತ್ ತಂತಿಯೂ ಇರಬಾರದು. ಅಷ್ಟು ಜಾಗ ಸಿಗದಿದ್ದರೆ ಕಂಬವನ್ನು ಗಿಡ್ಡ ಮಾಡಿ, ಮನೆಯ ಇನ್ನೊಂದು ಮೂಲೆಗೆ ಒಯ್ಯಿರಿ, ಅದೂ ಆಗದಿದ್ದರೆ ಬಿಟ್ಟುಬಿಡಿ. ತಂತಿಗೆ ಕಪ್ಪು ಹೊದಿಕೆ ಇದೆ, ಏನೂ ಆಗುವುದಿಲ್ಲ ಎನ್ನುವವರ ಮಾತು ಕೇಳಬೇಡಿ. ಬಿಸಿಲು ಮಳೆಗೆ ಬಿರುಕು ಬಿಟ್ಟ ಹೊದಿಕೆಯನ್ನು ನಂಬಿ ಜೀವ ಒತ್ತೆ ಇಡುವಂತಿಲ್ಲ.

ಹೈ ಟೆನ್ಶನ್ ತಂತಿ ಅಯಸ್ಕಾಂತದಂತೆ ದೂರದಿಂದಲೇ ಮನುಷ್ಯನನ್ನು ಸೆಳೆಯುತ್ತದೆ ಎನ್ನುವುದು ಇನ್ನೊಂದು ಜನಪ್ರಿಯ ನಂಬಿಕೆ. ಇದು ನಿಜವಲ್ಲ. ಒಣ ಗಾಳಿಯಲ್ಲಿ 11 ಸಾವಿರ ವೋಲ್ಟ್‌ನ ಕಿಡಿ ಜಿಗಿಯುವುದು ತೀರಾ ಕಡಿಮೆ ದೂರ, ಸೆಂಟಿಮೀಟರ್‌ಗಳ ಲೆಕ್ಕದಲ್ಲಿ. ಆದರೆ ಹತ್ತಿರ ಹೋಗಬಹುದು ಎಂದು ಇದರ ಅರ್ಥವಲ್ಲ. ಕೈಯಲ್ಲಿ ಹಿಡಿದ 10 ಅಡಿ ಪೈಪಿನ ತುದಿ ಒಂದು ಸಣ್ಣ ಗಾಳಿಗೆ ಅರ್ಧ ಮೀಟರ್ ಆಚೀಚೆ ತೂಗುತ್ತದೆ. ತಂತಿ ಸೆಳೆಯುವುದಿಲ್ಲ, ನಾವೇ ಹೋಗಿ ತಾಗಿಸುತ್ತೇವೆ.

ಎಷ್ಟು ಎತ್ತರ ಸಾಕು?

ಅಂಗಡಿಯಲ್ಲಿ ಜಿಐ ಪೈಪ್ ಸಿಗುವುದು ಸಾಮಾನ್ಯವಾಗಿ 20 ಅಡಿ ಉದ್ದದಲ್ಲಿ. ದುಡ್ಡು ಕೊಟ್ಟು ತಂದದ್ದನ್ನು ಕತ್ತರಿಸಲು ಮನಸ್ಸಾಗದೆ ಇಡೀ ಪೈಪನ್ನು ಹಾಗೇ ನಿಲ್ಲಿಸುವವರು ಬಹಳ ಮಂದಿ. ಎತ್ತರ ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಬೇರೆ.

ಎಫ್‌ಎಂ ಪ್ರಸಾರ ಮತ್ತು ಹ್ಯಾಮ್‌ಗಳು ಹೆಚ್ಚಾಗಿ ಬಳಸುವ 144–146 ಮೆಗಾಹರ್ಟ್ಸ್ ಅಲೆಗಳು ಸರಿಸುಮಾರು ಕಣ್ಣಿನ ನೋಟದಂತೆ ನೇರವಾಗಿ ಸಾಗುತ್ತವೆ, ಭೂಮಿಯ ಬಾಗು ಅವುಗಳಿಗೆ ಅಡ್ಡ ಬರುತ್ತದೆ. ಬಯಲು ನೆಲದಲ್ಲಿ ರೇಡಿಯೋ ದಿಗಂತ ಎಷ್ಟು ದೂರ ಎಂದು ತಿಳಿಯಲು, ಮೀಟರ್‌ನಲ್ಲಿರುವ ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಬೇಕು. ತಾರಸಿ ನೆಲದಿಂದ 10 ಮೀಟರ್ ಎತ್ತರದಲ್ಲಿದ್ದರೆ ದಿಗಂತ ಸುಮಾರು 13 ಕಿಲೋಮೀಟರ್. ಅಲ್ಲಿಂದ 3 ಮೀಟರ್ ಮೇಲೇರಿಸಿದರೆ ಸುಮಾರು 15. ಇಡೀ 6 ಮೀಟರ್ ಏರಿಸಿದರೂ ಹದಿನಾರೂವರೆ. ಎರಡನೆಯ 10 ಅಡಿಯಿಂದ ಸಿಗುವುದು ಒಂದೂವರೆ ಕಿಲೋಮೀಟರ್‌ನಷ್ಟು ಲಾಭ. ಪಕ್ಕದ ಮನೆಯ ನೀರಿನ ಟ್ಯಾಂಕ್ ಅಥವಾ ತೆಂಗಿನ ತೋಪು ಅಡ್ಡ ಇದ್ದರೆ ಅದನ್ನು ದಾಟಿಸುವಷ್ಟು ಎತ್ತರ ಬೇಕು, ನಿಜ. ಅದಿಲ್ಲದಿದ್ದರೆ ತಾರಸಿಯಿಂದ 10 ಅಡಿ ಧಾರಾಳ ಸಾಕು. ಆ ಎರಡನೆಯ 10 ಅಡಿಗೆ ಕಂಬದ ಬುಡ ತೆರುವ ಬೆಲೆ ಎಷ್ಟು ಎಂದು ಈಗ ನೋಡಿ.

ಗಾಳಿಯ ಲೆಕ್ಕ

ಕಟ್ಟಡಗಳ ಮೇಲೆ ಗಾಳಿ ಹಾಕುವ ಒತ್ತಡಕ್ಕೆ ಭಾರತದಲ್ಲಿ ಐಎಸ್ 875 ಎಂಬ ಮಾನದಂಡವಿದೆ. ಅದರ ಪ್ರಕಾರ ಬೆಂಗಳೂರಿಗೆ ಲೆಕ್ಕ ಹಿಡಿಯಬೇಕಾದ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಮಂಗಳೂರಿಗೆ 39 ಮೀಟರ್. ಇದು ದಿನವೂ ಬೀಸುವ ಗಾಳಿಯಲ್ಲ, ಸುಮಾರು 50 ವರ್ಷಕ್ಕೊಮ್ಮೆ ಬರಬಹುದಾದ ರಭಸದ ಬೀಸು. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ. ಮಂಗಳೂರಿನ ವೇಗ ಬೆಂಗಳೂರಿಗಿಂತ ಶೇ. 18ರಷ್ಟೇ ಹೆಚ್ಚಿದ್ದರೂ ಒತ್ತಡ ಶೇ. 40ರಷ್ಟು ಹೆಚ್ಚು.

ಬೆಂಗಳೂರಿನ ವೇಗಕ್ಕೆ ಚದರ ಮೀಟರಿಗೆ ಸುಮಾರು 67 ಕೆಜಿ ತಳ್ಳುವಿಕೆ ಬರುತ್ತದೆ. ಮೀನಿನ ಮುಳ್ಳಿನಂತೆ ಕಾಣುವ ಸಣ್ಣ ಯಾಗಿ ಆಂಟೆನಾ ಗಾಳಿಗೆ ಒಡ್ಡುವ ಮೈ ಒಂದು ಚದರ ಮೀಟರಿನ ಹತ್ತನೇ ಒಂದು ಭಾಗ ಎಂದಿಟ್ಟುಕೊಳ್ಳಿ, ಅದರ ಮೇಲೆ ಬೀಳುವುದು 7 ಕೆಜಿಗೂ ಕಡಿಮೆ. ಇಷ್ಟೇನಾ ಎನಿಸುತ್ತದೆ. ಆದರೆ ಪೈಪನ್ನು ಮರೆತೆವು. ಒಂದೂಕಾಲು ಇಂಚಿನ ಜಿಐ ಪೈಪ್ 3 ಮೀಟರ್ ಉದ್ದಕ್ಕೆ ಆಂಟೆನಾಗಿಂತಲೂ ಹೆಚ್ಚು ಗಾಳಿ ಹಿಡಿಯುತ್ತದೆ, ಸುಮಾರು ಎಂಟೂವರೆ ಕೆಜಿ. (ದುಂಡಗಿನ ಪೈಪಿಗೆ ಇದು ಕೊಂಚ ಕಡಿಮೆಯಾಗುತ್ತದೆ. ನಾವು ಕೊಡುತ್ತಿರುವುದು ಒರಟು ಲೆಕ್ಕ, ತಪ್ಪಿದರೂ ಸುರಕ್ಷಿತ ಕಡೆಗೇ ತಪ್ಪುವಂಥದ್ದು.)

ಒಟ್ಟು 15 ಕೆಜಿ. ಆದರೆ ಕಂಬ ಒಂದು ಸನ್ನೆಕೋಲು ಇದ್ದಂತೆ. ಬಾವಿ ಏತದ ಉದ್ದನೆಯ ತುದಿಯಲ್ಲಿ ಸ್ವಲ್ಪ ಎಳೆದರೆ ಗಿಡ್ಡ ತುದಿಯಲ್ಲಿ ಎಷ್ಟು ಭಾರ ಏಳುತ್ತದೆ ಎನ್ನುವುದನ್ನು ಹಳ್ಳಿಯವರಿಗೆ ಹೇಳಬೇಕಿಲ್ಲ. ಕಂಬವನ್ನು ಗೋಡೆಗೆ ಹಿಡಿಯುವುದು ಎರಡು ಕ್ಲ್ಯಾಂಪ್‌ಗಳು. ಮೇಲಿನದ್ದರ ಮೇಲೆ 3 ಮೀಟರ್ ಪೈಪ್ ನಿಂತಿದ್ದು, ಎರಡು ಕ್ಲ್ಯಾಂಪ್‌ಗಳ ನಡುವೆ ಒಂದು ಅಡಿ ಅಂತರವಿದ್ದರೆ, ಆ 15 ಕೆಜಿ ಗಾಳಿ ಮೇಲಿನ ಕ್ಲ್ಯಾಂಪಿನಲ್ಲಿ ಸುಮಾರು 125 ಕೆಜಿ ಎಳೆತವಾಗುತ್ತದೆ. ಅದೇ ಅಂತರವನ್ನು 3 ಅಡಿಗೆ ಹೆಚ್ಚಿಸಿ, ಎಳೆತ 52 ಕೆಜಿ ಆಸುಪಾಸಿಗೆ ಇಳಿಯುತ್ತದೆ. ಅದೇ ಪೈಪ್, ಅದೇ ಬೋಲ್ಟ್, ಅದೇ ಗೋಡೆ. ಒಂದು ಪೈಸೆ ಹೆಚ್ಚಿನ ಖರ್ಚಿಲ್ಲದೆ ಭಾರ ಅರ್ಧಕ್ಕಿಂತ ಕಡಿಮೆಯಾಯಿತು. ಈ ಇಡೀ ಲೇಖನದಲ್ಲಿ ಒಂದೇ ವಿಷಯವನ್ನು ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ.

ಈಗ 20 ಅಡಿ ಪೈಪಿಗೆ ಬನ್ನಿ. ಮೇಲಿನ ಕ್ಲ್ಯಾಂಪಿನಿಂದ 6 ಮೀಟರ್ ಎತ್ತರ, ಅಂತರ ಒಂದೇ ಅಡಿ. ಮೇಲಿನ ಕ್ಲ್ಯಾಂಪಿನ ಮೇಲಿನ ಎಳೆತ 325 ಕೆಜಿ ದಾಟುತ್ತದೆ. ಅಷ್ಟೇ ಅಲ್ಲ, ಆ ಗಾಳಿಯಲ್ಲಿ ಪೈಪ್ ಸ್ವತಃ ಕ್ಲ್ಯಾಂಪಿನ ಬಳಿ ಬಾಗಿಹೋಗುವ ಹಂತಕ್ಕೆ ಬರುತ್ತದೆ. ಎತ್ತರ ಎರಡರಷ್ಟಾಯಿತು, ಬುಡದ ಮೇಲಿನ ಹೊರೆ ಎರಡೂವರೆ ಪಟ್ಟು ಮೀರಿತು.

ಯಾವುದಕ್ಕೆ ಕಟ್ಟಬೇಕು, ಯಾವುದಕ್ಕೆ ಕಟ್ಟಬಾರದು

ನಮ್ಮಲ್ಲಿ ಅತಿ ಸಾಮಾನ್ಯವಾಗಿ ಕಾಣುವ ದೃಶ್ಯ: ಮುಂದೊಂದು ದಿನ ಇನ್ನೊಂದು ಮಹಡಿ ಕಟ್ಟೋಣ ಎಂದು ಪಿಲ್ಲರ್‌ಗಳಿಂದ ಹೊರಗೆ ಬಿಟ್ಟ ಕಂಬಿಗಳು, ಅವುಗಳಿಗೆ ಬೈಂಡಿಂಗ್ ವೈರ್‌ನಲ್ಲಿ ಸುತ್ತಿದ ಆಂಟೆನಾ ಪೈಪ್. ಬೈಂಡಿಂಗ್ ವೈರ್ ಇರುವುದು ಕಾಂಕ್ರೀಟ್ ಹಾಕುವ ತನಕ ಕಂಬಿಗಳನ್ನು ಜಾಗದಲ್ಲಿ ಹಿಡಿದಿಡಲು. ಅದು ಮೆದು ಕಬ್ಬಿಣ. ಪೈಪ್ ಅಲುಗಿದಂತೆಲ್ಲ ಹಿಗ್ಗುತ್ತದೆ, ಮಳೆಗೆ ತುಕ್ಕು ಹಿಡಿಯುತ್ತದೆ. ಇನ್ನು ವರ್ಷಗಟ್ಟಲೆ ಮಳೆಯಲ್ಲಿ ನಿಂತ ಕಂಬಿ ಬುಡದಲ್ಲೇ ತುಕ್ಕು ಹಿಡಿದು ಸವೆದಿರುತ್ತದೆ. ನಾಳೆ ಆ ಮಹಡಿ ಕಟ್ಟುವಾಗಲೂ ಅದು ಬೇಕು, ಎಳೆದಾಡಿ ಹಾಳು ಮಾಡಬೇಡಿ.

ನೀರಿನ ಟ್ಯಾಂಕ್‌ನ ಕಬ್ಬಿಣದ ಸ್ಟ್ಯಾಂಡಿಗೂ ಕಟ್ಟುತ್ತಾರೆ. ತುಂಬಿದ ಟ್ಯಾಂಕ್ ಇರುವಾಗ ಸ್ಟ್ಯಾಂಡ್ ಭದ್ರವಾಗಿಯೇ ಇರುತ್ತದೆ. ಟ್ಯಾಂಕ್ ಖಾಲಿಯಾದ ದಿನ ಗಾಳಿ ಬಂದರೆ ಸ್ಟ್ಯಾಂಡ್, ಟ್ಯಾಂಕ್, ಆಂಟೆನಾ ಮೂರೂ ಒಟ್ಟಿಗೆ ನಡೆಯುತ್ತವೆ.

ಪ್ಯಾರಪೆಟ್ ಗೋಡೆ ನೋಡಲು ಗಟ್ಟಿ. ಆದರೆ ಅನೇಕ ಕಡೆ ಅದು ನಾಲ್ಕು ಇಂಚಿನ ಬ್ಲಾಕ್ ಗೋಡೆ, ಅದರ ಮೇಲೆ ಗಾರೆ, ಅಷ್ಟೇ. ಮೇಲಂಚಿನ ಸಾಲು ಇಟ್ಟಿಗೆಗೆ ಆಂಕರ್ ಬೋಲ್ಟ್ ಹಾಕಿ ಬಿಗಿದರೆ ಬೋಲ್ಟ್ ಅರಳುವಾಗಲೇ ಇಟ್ಟಿಗೆ ಸೀಳಬಹುದು. ಹಾಲೋ ಬ್ಲಾಕಿನಲ್ಲಿ ಆಂಕರ್ ಬೋಲ್ಟಿಗೆ ಹಿಡಿತವೇ ಸಿಗುವುದಿಲ್ಲ. ಇಂಥ ಗೋಡೆಗಳಿಗೆ ರಂಧ್ರವನ್ನು ಆರುಪಾರು ಕೊರೆದು ಉದ್ದ ಬೋಲ್ಟ್ ತೂರಿಸಿ, ಹಿಂಬದಿಗೆ ಅಂಗೈ ಅಗಲದ ಕಬ್ಬಿಣದ ಪ್ಲೇಟ್ ಕೊಟ್ಟು ನಟ್ ಬಿಗಿಯುವುದು ಮೇಲು. ಎಲ್ಲಕ್ಕಿಂತ ಒಳ್ಳೆಯ ಜಾಗ ಕಾಂಕ್ರೀಟ್ ಪಿಲ್ಲರ್, ಅಥವಾ ಮೆಟ್ಟಿಲ ಕೋಣೆಯ ಹೊರಗೋಡೆ. ಮೆಟ್ಟಿಲ ಕೋಣೆಯ ಗೋಡೆಯಲ್ಲಿ ಕ್ಲ್ಯಾಂಪ್‌ಗಳ ನಡುವೆ ನಾಲ್ಕೈದು ಅಡಿ ಅಂತರವೂ ಸುಲಭವಾಗಿ ಸಿಗುತ್ತದೆ.

ಕರಾವಳಿ, ಮಲೆನಾಡಿನ ಹೆಂಚಿನ ಮನೆಗಳಿಗೆ ತಾರಸಿಯೇ ಇಲ್ಲ. ಅಲ್ಲಿ ರೀಪು, ಪಕ್ಕಾಸಿಗೆ ಕಟ್ಟುವ ಯೋಚನೆ ಬೇಡ. ಮನೆಯ ಪಕ್ಕ ನೆಲದಲ್ಲೇ ಬುಡ ಊರಿ, ಗೋಡೆಯ ಗಟ್ಟಿ ಭಾಗಕ್ಕೆ ಮೇಲೊಂದು ಹಿಡಿತ ಕೊಡುವುದು ವಾಸಿ. ಮಂಗಗಳು ಆಂಟೆನಾ ಹಿಡಿದು ಜೋಕಾಲಿ ಆಡುವ ಊರಾದರೆ ಮೇಲಿನ ಗಾಳಿಯ ಲೆಕ್ಕಕ್ಕೆ ಅದನ್ನೂ ಸೇರಿಸಿಕೊಳ್ಳಿ!

ಪೈಪ್, ಯು-ಬೋಲ್ಟ್, ಎಳೆತಂತಿ

ಪೈಪನ್ನು ಕರೆಯುವುದು ಒಳಗಿನ ಅಳತೆಯಿಂದ, ಯು-ಬೋಲ್ಟ್ ಹಿಡಿಯುವುದು ಹೊರಮೈಯನ್ನು. ಒಂದೂವರೆ ಇಂಚಿನ ಜಿಐ ಪೈಪಿನ ಹೊರ ವ್ಯಾಸ ಸುಮಾರು 48 ಮಿಲಿಮೀಟರ್, ಅಂದರೆ ಎರಡು ಇಂಚಿನ ಹತ್ತಿರ. ಒಂದೂಕಾಲು ಇಂಚಿನದ್ದು 42 ಮಿಲಿಮೀಟರ್. ಅಂಗಡಿಗೆ ಹೋಗುವಾಗ ಪೈಪಿನ ಒಂದು ತುಂಡು ಜೊತೆಗೆ ಒಯ್ದರೆ ಎರಡನೇ ಸಲ ಓಡಾಡುವುದು ತಪ್ಪುತ್ತದೆ. ಪೈಪಿನ ಮೇಲಿನ ಬಣ್ಣದ ಪಟ್ಟಿಯನ್ನೂ ನೋಡಿ: ಹಳದಿ ತೆಳು, ನೀಲಿ ಮಧ್ಯಮ, ಕೆಂಪು ದಪ್ಪ. ಕಂಬಕ್ಕೆ ನೀಲಿಗಿಂತ ಕಡಿಮೆ ಬೇಡ. ಪಿವಿಸಿ ಪೈಪ್ ಸಿಡಿಲಿಗೆ ಉತ್ತರವಲ್ಲ. ಅದು ಬಾಗುತ್ತದೆ, ಬಿಸಿಲಿಗೆ ಪೆಡಸಾಗಿ ಒಂದು ದಿನ ಮುರಿಯುತ್ತದೆ.

ಆಂಟೆನಾ ಗಾಳಿಗೆ ತಿರುಗಿಹೋಗದಿರಲಿ ಎಂದು ಯು-ಬೋಲ್ಟನ್ನು ಬಲವಾಗಿ ಬಿಗಿಯುತ್ತಾರೆ. ಆಂಟೆನಾದ ನಡುಕೋಲು ತೆಳು ಅಲ್ಯೂಮಿನಿಯಂ ಆಗಿರುವುದರಿಂದ ಅದು ಅಪ್ಪಚ್ಚಿಯಾಗುವ ಮಟ್ಟಕ್ಕೆ ಬಿಗಿಯಬಾರದು. ಪೈಪ್ ಮತ್ತು ನಡುಕೋಲಿನ ನಡುವೆ ಒಂದು ಪ್ಲೇಟ್ ಇರಲಿ, ನಟ್‌ಗಳ ಕೆಳಗೆ ಸ್ಪ್ರಿಂಗ್ ವಾಷರ್ ಇರಲಿ. ಸಮುದ್ರದ ಉಪ್ಪುಗಾಳಿ ಇರುವಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್‌ಗೆ ಕೊಡುವ ಹೆಚ್ಚಿನ ದುಡ್ಡು ದಂಡವಲ್ಲ. ಪೈಪಿನ ತುದಿಗೆ ಮುಚ್ಚಳ ಹಾಕಿ, ಇಲ್ಲದಿದ್ದರೆ ಮಳೆನೀರು ಒಳಗೆ ನಿಂತು ಹೊರಗೆ ಕಾಣದಂತೆ ತುಕ್ಕು ತಿನ್ನುತ್ತದೆ.

ಕ್ಲ್ಯಾಂಪಿನಿಂದ ಮೇಲೆ 10 ಅಡಿಗಿಂತ ಹೆಚ್ಚು ಬೇಕೇ ಬೇಕೆಂದರೆ ಎಳೆತಂತಿ, ಅಂದರೆ ಗೈ ವೈರ್ ಕೊಡಬೇಕು. ಮೂರು ದಿಕ್ಕಿಗೆ, ಸಮ ಅಂತರದಲ್ಲಿ, ಮೂರೂ ಬೇರೆ ಬೇರೆ ಗಟ್ಟಿ ಜಾಗಗಳಿಗೆ. ಪ್ಲಾಸ್ಟಿಕ್ ಹಗ್ಗ ಒಂದೆರಡು ಬೇಸಿಗೆಗೆ ಪುಡಿಯಾಗುತ್ತದೆ, ಜಿಐ ತಂತಿ ಹಗ್ಗವೇ ಬೇಕು. ಆ ತಂತಿ ಕಣ್ಣಿಗೆ ಕಾಣುವಂತೆ ಬಣ್ಣದ ಬಟ್ಟೆ ಕಟ್ಟಿ, ಸಂಜೆ ಕತ್ತಲಲ್ಲಿ ಮಕ್ಕಳು ಓಡಿ ಕುತ್ತಿಗೆಗೆ ಸಿಕ್ಕಿಸಿಕೊಳ್ಳುವುದು ತಪ್ಪುತ್ತದೆ. ಒಂದು ವಾರದೊಳಗೆ ಮನೆಯವರು ಅದರ ಮೇಲೆ ಬಟ್ಟೆ ಒಣಹಾಕುತ್ತಾರೆ ಎನ್ನುವುದೂ ಅಷ್ಟೇ ಖಚಿತ. ಒದ್ದೆ ಬೆಡ್‌ಶೀಟ್ ಎಂದರೆ ಹಾಯಿ ಕಟ್ಟಿದಂತೆ, ಹಾಕಬೇಡಿ ಎಂದು ಮೊದಲೇ ಹೇಳಿಬಿಡಿ.

ಕಂಬ ಎತ್ತುವ ದಿನ

ಒಬ್ಬರೇ ಎತ್ತಬೇಡಿ. ಗಾಳಿ, ಮಳೆ, ಮೋಡ ಇಲ್ಲದ ಬೆಳಗ್ಗೆ ನೋಡಿಕೊಳ್ಳಿ. ಆಂಟೆನಾ ಮತ್ತು ಕೇಬಲ್ಲನ್ನು ಕೆಳಗೇ ಜೋಡಿಸಿ, ಕೆಳಗಿನ ಕ್ಲ್ಯಾಂಪನ್ನು ಸಡಿಲವಾಗಿ ಹಾಕಿಟ್ಟು, ಪೈಪಿನ ಬುಡವನ್ನು ಅದರೊಳಗೆ ಕೂರಿಸಿ, ಆಮೇಲೆ ಮೇಲೆತ್ತಬೇಕು. ಎತ್ತುವವರು ತಂತಿ ಇಲ್ಲದ ಕಡೆಯಿಂದ ಎತ್ತಲಿ, ಇನ್ನೊಬ್ಬರು ದೂರ ನಿಂತು ಮೇಲೆ ನೋಡುವ ಕೆಲಸ ಮಾತ್ರ ಮಾಡಲಿ.

ಕಂಬ ಕೈತಪ್ಪಿ ವಾಲತೊಡಗಿದರೆ ಬಿಟ್ಟುಬಿಡಿ. ನಾಲ್ಕೈದು ಸಾವಿರದ ವಸ್ತು ಉಳಿಸೋಣ ಎಂದು ಹಿಡಿದುಕೊಂಡೇ ಅದರ ಜೊತೆ ಹೋಗುವುದು ಸಹಜ ಪ್ರತಿಕ್ರಿಯೆ. ಸಾವು ಬರುವುದೂ ಆಗಲೇ. ಕೆಳಗೆ ಯಾರೂ ನಿಲ್ಲದಂತೆ ಮೊದಲೇ ನೋಡಿಕೊಂಡಿದ್ದರೆ ಬಿಡಲು ಹಿಂಜರಿಕೆಯೂ ಇರುವುದಿಲ್ಲ.

ಕಂಬ ತಂತಿಗೆ ತಾಗಿಯೇಬಿಟ್ಟರೆ? ಶಾಕ್ ಹೊಡೆದವರನ್ನು ಒಣ ಕೋಲಿನಿಂದ ತಳ್ಳಿ ಬಿಡಿಸಿ ಎಂಬ ಸಲಹೆ ಬಹಳ ಹರಿದಾಡುತ್ತದೆ. ಮನೆಯೊಳಗಿನ 230 ವೋಲ್ಟ್‌ನ ಪ್ರಕರಣಕ್ಕೆ ಹೇಳಿದ ಈ ಮಾತನ್ನು 11 ಸಾವಿರ ವೋಲ್ಟ್‌ಗೆ ಅನ್ವಯಿಸಲು ಹೋದರೆ ಒಬ್ಬರ ಜಾಗದಲ್ಲಿ ಇಬ್ಬರು ಹೋಗುತ್ತಾರೆ. ಮನೆಯ ಮೇನ್ ಸ್ವಿಚ್ ಆಫ್ ಮಾಡಿದರೆ ಬೀದಿ ತಂತಿಯ ವಿದ್ಯುತ್ ನಿಲ್ಲುವುದಿಲ್ಲ. ದೂರ ನಿಂತು, ಇತರರನ್ನೂ ದೂರ ಇಟ್ಟು, ವಿದ್ಯುತ್ ಸಹಾಯವಾಣಿ 1912ಕ್ಕೂ ತುರ್ತು ಸಂಖ್ಯೆ 112ಕ್ಕೂ ಕರೆ ಮಾಡಿ. ಲೈನ್ ಕಡಿತವಾಗಿದೆ ಎಂದು ಖಾತ್ರಿಯಾದ ಮೇಲೆಯೇ ಮುಟ್ಟಬೇಕು.

ಇನ್ನು ಸಿಡಿಲು

ಲೋಹ ಸಿಡಿಲನ್ನು ಸೆಳೆಯುತ್ತದೆ ಎನ್ನುವುದು ಅರ್ಧ ಸತ್ಯವೂ ಅಲ್ಲ. ತೆಂಗಿನ ಮರದಲ್ಲಿ ಯಾವ ಲೋಹವಿದೆ? ಆದರೂ ಸಿಡಿಲಿಗೆ ಸುಟ್ಟ ತೆಂಗಿನ ಸುಳಿಯನ್ನು ನೋಡದವರು ನಮ್ಮಲ್ಲಿ ಕಡಿಮೆ. ಸಿಡಿಲು ಎಲ್ಲಿ ಬಡಿಯುತ್ತದೆ ಎನ್ನುವುದರಲ್ಲಿ ಎತ್ತರ ಮತ್ತು ಒಂಟಿತನದ ಪಾತ್ರ ದೊಡ್ಡದು. ಸುತ್ತ ಎತ್ತರದ ಕಟ್ಟಡ, ಮರಗಳಿದ್ದರೆ ನಿಮ್ಮ 10 ಅಡಿ ಕಂಬದಿಂದ ಹೆಚ್ಚಿನ ವ್ಯತ್ಯಾಸವಾಗದು. ಬಯಲಲ್ಲಿ ಒಂಟಿ ಮನೆಯಾದರೆ ಸಾಧ್ಯತೆ ಹೆಚ್ಚುತ್ತದೆ, ಇದನ್ನು ಮುಚ್ಚಿಡುವುದು ಬೇಡ.

ಅರ್ಥಿಂಗ್ ಸಿಡಿಲನ್ನು ಕರೆಯುವುದೂ ಇಲ್ಲ, ತಡೆಯುವುದೂ ಇಲ್ಲ. ಬಡಿದರೆ ಆ ಹತ್ತಾರು ಸಾವಿರ ಆಂಪಿಯರ್ ಕರೆಂಟು ನಿಮ್ಮ ಕೋಣೆಯ ಬದಲು ಹೊರಗಿನಿಂದ ನೆಲಕ್ಕೆ ಹೋಗಲು ದಾರಿ ಕೊಡುತ್ತದೆ. ಕಂಬದಿಂದ ದಪ್ಪ ತಾಮ್ರದ ತಂತಿ (16 ಚದರ ಮಿಲಿಮೀಟರಿಗೆ ಕಡಿಮೆ ಇಲ್ಲದ್ದು) ಅಥವಾ ಜಿಐ ಪಟ್ಟಿ ಹೊರಗೋಡೆಯ ಮೇಲೆ ಆದಷ್ಟು ನೇರವಾಗಿ, ಚೂಪಾದ ತಿರುವುಗಳಿಲ್ಲದೆ ಇಳಿಯಬೇಕು. ಕಂಬಕ್ಕೆ ಬೇರೆ ಅರ್ಥ್ ಗುಂಡಿ ತೋಡಿ, ಮನೆಯ ಅರ್ಥಿಂಗ್‌ಗೂ ಅದಕ್ಕೂ ಸಂಬಂಧವೇ ಇಲ್ಲದಂತೆ ಬಿಡುವುದು ದೊಡ್ಡ ತಪ್ಪು. ಸಿಡಿಲು ಬಡಿದಾಗ ಎರಡು ಅರ್ಥ್‌ಗಳ ನಡುವೆ ಭಾರಿ ವೋಲ್ಟೇಜ್ ವ್ಯತ್ಯಾಸ ಹುಟ್ಟಿ ಅದು ನಿಮ್ಮ ರೇಡಿಯೋ ಮೂಲಕವೇ ಹಾಯುತ್ತದೆ. ಎರಡನ್ನೂ ಜೋಡಿಸಲೇಬೇಕು, ಮತ್ತು ಈ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ನೀರಿನ ಕೊಳಾಯಿಗೆ ಕಟ್ಟಿದರೆ ಸಾಕು ಎನ್ನುವ ಕಾಲ ಹೋಯಿತು, ಈಗಿನ ಕೊಳಾಯಿಗಳು ಪ್ಲಾಸ್ಟಿಕ್.

ಇಷ್ಟಾದರೂ ನೇರ ಹೊಡೆತದಿಂದ ರೇಡಿಯೋ ಉಳಿಯುತ್ತದೆ ಎಂಬ ಭರವಸೆ ಯಾರೂ ಕೊಡಲಾರರು. ಮೋಡ ಕಟ್ಟುವ ಮೊದಲೇ ಕೇಬಲ್ ಬಿಚ್ಚಿ, ಅದರ ತುದಿಯನ್ನು ಕೋಣೆಯಲ್ಲಿ ಬಿಡದೆ ಕಿಟಕಿಯಿಂದ ಹೊರಗೆ ಹಾಕಿ. ಗುಡುಗು ಕೇಳಿಸುತ್ತಿದೆ ಎಂದರೆ ಮುಟ್ಟುವ ಸಮಯ ಮೀರಿದೆ ಎಂದೇ ಅರ್ಥ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ತನಕ ತಾರಸಿಗೂ ಹೋಗಬೇಡಿ, ಕೇಬಲ್ಲನ್ನೂ ಮುಟ್ಟಬೇಡಿ. ಮುನ್ಸೂಚನೆಗೆ ಭೂ ವಿಜ್ಞಾನ ಸಚಿವಾಲಯದ ದಾಮಿನಿ ಆ್ಯಪ್ ಇದೆ, ಫಾರ್ವರ್ಡ್‌ಗಳಿಗಿಂತ ಅದನ್ನು ನೋಡುವುದು ಒಳ್ಳೆಯದು.

ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ, ಅಂದರೆ ಬೇಸಿಗೆ ಮಳೆಯ ಬಿರುಗಾಳಿಗೆ ಮೊದಲು, ಒಮ್ಮೆ ತಾರಸಿಗೆ ಹೋಗಿ ಪೈಪನ್ನು ಭುಜದ ಎತ್ತರದಲ್ಲಿ ಹಿಡಿದು ಅಲುಗಿಸಿ ನೋಡಿ. ನೋಡಬೇಕಾದ್ದು ತುದಿಯನ್ನಲ್ಲ, ಬೋಲ್ಟ್ ಗೋಡೆಗೆ ಹೋಗುವ ಜಾಗವನ್ನು. ಅಲ್ಲಿ ಗಾರೆ ಪುಡಿ ಉದುರಿದರೆ, ಬೋಲ್ಟಿನ ಸುತ್ತ ಕೂದಲೆಳೆಯಷ್ಟು ಬಿರುಕು ಕಂಡರೆ, ಆ ದಿನವೇ ಆಂಟೆನಾ ಕೆಳಗಿಳಿಸಿ.